ಒಂದು ಹಾಳೆಯ ಮನವಿ

ಪ್ರವೇಶ: ಪ್ರಜಾಪ್ರಭುತ್ವದಲ್ಲಿ ಸರಕಾರವು ಅಶಕ್ತರಿಗೆ ನೀಡುವ ನೆರವು ಭಿಕ್ಷೆಯಲ್ಲ, ಅದು ಅರ್ಹರಿಗೆ ಸಲ್ಲಬೇಕಾದ ಪಾಲು. ಆದರೆ ಹಕ್ಕು ಇದ್ದರೆ ಸಾಲದು, ಅದನ್ನು ಕೇಳುವ ಕ್ರಮವೂ ತಿಳಿದಿರಬೇಕು. ಈ ಪಾಠದಲ್ಲಿ ಲೇಖಕರು ತಾವು ಕಂಡ ಒಂದು ಪ್ರಸಂಗದ ಮೂಲಕ ಆ ಕ್ರಮವನ್ನು ವಿವರಿಸಿದ್ದಾರೆ.

ಪುತ್ತೂರಿನಿಂದ ಕಾಣಿಯೂರಿಗೆ ಹೋಗುವ ದಾರಿಯಲ್ಲಿ ಸವಣೂರು ಎಂಬ ಊರಿದೆ. ಮೊದಲು ಪುತ್ತೂರು ತಾಲೂಕಿಗೆ ಸೇರಿದ್ದ ಈ ಊರು ಈಗ ಕಡಬ ತಾಲೂಕಿನಲ್ಲಿದೆ. ಸುತ್ತಲೂ ಗುಡ್ಡಗಳು, ಅವುಗಳ ನಡುವೆ ಅಡಕೆಯ ತೋಟಗಳು. ಹಗಲೆಲ್ಲ ಜಗಲಿಯಲ್ಲಿ ಕುಳಿತು, ಮಡಿಲಲ್ಲಿ ಮೊರವಿರಿಸಿಕೊಂಡು ಬೀಡಿ ಕಟ್ಟಿ ಸಂಸಾರ ಸಾಗಿಸಿದ ಹೆಂಗಸರು ಈ ಸೀಮೆಯಲ್ಲಿ ಅನೇಕರಿದ್ದಾರೆ. ಅಂಥವರಲ್ಲೊಬ್ಬ ಅಜ್ಜಿ ನನ್ನ ನೆರೆಯವರು.

2013ರ ಮಳೆಗಾಲದ ಒಂದು ಸಂಜೆ ಆ ಅಜ್ಜಿಯೂ ಅವರ ಮೊಮ್ಮಗಳೂ ನಮ್ಮ ಮನೆಗೆ ಬಂದರು. ಹುಡುಗಿ ಆಗ ನಿಮ್ಮಂತೆಯೇ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ಅವಳ ಕೈಯಲ್ಲಿ ಮಳೆಗೆ ಅಂಚು ನೆನೆದ ಒಂದು ಕಾಗದವಿತ್ತು. ದುಡಿದು ಬಳಲಿದ ವೃದ್ಧರಿಗಾಗಿ ರಾಜ್ಯ ಸರಕಾರವು 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ಆರಂಭಿಸಿತ್ತು. 65 ವರ್ಷ ತುಂಬಿದ ಬಡ ಶ್ರಮಜೀವಿಗಳಿಗೆ ಪ್ರತಿ ತಿಂಗಳೂ ವೇತನ ನೀಡುವ ಯೋಜನೆಯದು. ಅಜ್ಜಿಯೂ ಅರ್ಜಿ ಸಲ್ಲಿಸಿದ್ದರು. ಆ ಅರ್ಜಿ ತಿರಸ್ಕೃತವಾಗಿತ್ತು.

"ವಕೀಲರನ್ನು ಹಿಡಿಯಬೇಕಂತೆ ಮಾಷ್ಟ್ರೇ. ಅವರಿಗೆ ಕೊಡ್ಲಿಕ್ಕೆ ನನ್ನಲ್ಲಿ ಎಂತ ಉಂಟು?" ಎಂದರು ಅಜ್ಜಿ. ಬೆರಳುಗಳು ಬಿಗಿದು ಬೀಡಿ ಕಟ್ಟುವ ಕೆಲಸವೂ ನಿಂತುಹೋಗಿತ್ತು. ಮದ್ದಿನ ಖರ್ಚಿಗೂ ಮಗನ ಮುಖ ನೋಡಬೇಕಾದ ಸ್ಥಿತಿ ಅವರದು.

ನಾನು ಹುಡುಗಿಯೊಡನೆ, "ಮೊದಲು ಈ ಕಾಗದವನ್ನು ಸರಿಯಾಗಿ ಓದುವ ಮಗಾ" ಎಂದೆ. ಅವಳು ಓದಿದಳು. ಅರ್ಜಿದಾರರ ವಯಸ್ಸು 65 ತುಂಬಿಲ್ಲ ಎಂಬುದೊಂದೇ ಅದರಲ್ಲಿದ್ದ ಕಾರಣ. ಮತದಾರರ ಗುರುತಿನ ಚೀಟಿಯಲ್ಲಿ ಯಾರೋ ಅಂದಾಜಿನಿಂದ ಬರೆಸಿದ್ದ ವಯಸ್ಸಿನ ಪ್ರಕಾರ ಅಜ್ಜಿಗೆ ಆಗ 62 ವರ್ಷ. ಕಚೇರಿಯು ತನ್ನ ಮುಂದಿದ್ದ ಕಾಗದವನ್ನು ನೋಡಿ ತೀರ್ಮಾನಿಸಿತ್ತು.

ಇಂಥ ತೀರ್ಮಾನವೇ ಕೊನೆಯ ಮಾತಲ್ಲ. ನಾಗರಿಕ ಸೇವೆಗಳನ್ನು ಗೊತ್ತಾದ ಅವಧಿಯೊಳಗೆ ಒದಗಿಸಬೇಕೆಂದು ಕರ್ನಾಟಕವು 2011ರಲ್ಲಿ ಒಂದು ಕಾನೂನನ್ನು ರಚಿಸಿತು. ಅದರ ವ್ಯವಸ್ಥೆಗೆ 'ಸಕಾಲ' ಎಂದು ಹೆಸರು. 2012ರ ಮಾರ್ಚಿನಲ್ಲಿ ಇದನ್ನು ಮೊದಲು ಪ್ರಯೋಗಕ್ಕೆ ತಂದ ನಾಲ್ಕು ತಾಲೂಕುಗಳಲ್ಲಿ ಪುತ್ತೂರೂ ಒಂದು. ಔರಾದ, ಚಿತ್ರದುರ್ಗ, ಧಾರವಾಡ ಉಳಿದವು. ಏಪ್ರಿಲ್ 2ರಿಂದ ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. ಅರ್ಜಿಗೆ ಸಂಖ್ಯೆಯುಳ್ಳ ಸ್ವೀಕೃತಿ ದೊರೆಯಬೇಕು. ಅವಧಿ ಮೀರಿದರೆ ಅಥವಾ ಅರ್ಜಿ ತಿರಸ್ಕೃತವಾದರೆ 30 ದಿನಗಳೊಳಗೆ ಮೇಲಿನ ಅಧಿಕಾರಿಗೆ ಮನವಿ ಸಲ್ಲಿಸಬಹುದು. ಅಲ್ಲಿಯೂ ನ್ಯಾಯ ದೊರೆಯದಿದ್ದರೆ ಎರಡನೆಯ ಮನವಿಗೂ ಅವಕಾಶವಿದೆ. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಅರ್ಜಿದಾರನಿಗೆ ಪರಿಹಾರ ಸಲ್ಲುತ್ತದೆ. ಈ ಮನವಿಯನ್ನು ಅರ್ಜಿದಾರನೇ ಬರೆಯಬಹುದು. ವಕೀಲರೇ ಬರೆಯಬೇಕೆಂಬ ನಿಯಮವಿಲ್ಲ.

ಹುಡುಗಿ ಅಂದು ರಾತ್ರಿಯೇ ಮೂರು ಪುಟದ ಪತ್ರ ಬರೆದಳು. ತಮ್ಮ ಬಡತನ, ಅಜ್ಜಿಯ ಕಾಯಿಲೆ, ಸೋರುವ ಮಾಡು ಎಲ್ಲವೂ ಅದರಲ್ಲಿದ್ದವು. ಓದಿದರೆ ಯಾರಿಗಾದರೂ ಕನಿಕರ ಹುಟ್ಟುವಂತಿತ್ತು. ಆದರೆ ಅಜ್ಜಿಯ ವಯಸ್ಸು ಎಷ್ಟು ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ! "ಮಗಾ, ನೀವು ಬಡವರಲ್ಲವೆಂದು ಅವರು ಹೇಳಲಿಲ್ಲ. ವಯಸ್ಸಾಗಲಿಲ್ಲ ಎಂದಿದ್ದಾರೆ. ಕೇಳಿದ ಪ್ರಶ್ನೆಗೆ ಉತ್ತರ ಬರೆಯಬೇಕು" ಎಂದೆ. ಪರೀಕ್ಷೆಯಲ್ಲಿ ನಾವು ನಿಮಗೆ ಹೇಳುವ ಮಾತೂ ಇದೇ ಅಲ್ಲವೆ?

ಉತ್ತರಕ್ಕೆ ಆಧಾರ ಬೇಕು. ಅಜ್ಜಿ ಬಾಲ್ಯದಲ್ಲಿ ಎರಡು ವರ್ಷ ಶಾಲೆಗೆ ಹೋಗಿದ್ದರೆಂದು ವಿಚಾರಿಸಿದಾಗ ತಿಳಿಯಿತು. ಆ ಶಾಲೆಯ ಹಳೆಯ ದಾಖಲಾತಿ ಪುಸ್ತಕವನ್ನು ಮುಖ್ಯೋಪಾಧ್ಯಾಯರು ಕಪಾಟಿನಿಂದ ತೆಗೆದು ಹುಡುಕಿಸಿದರು. 1953ರ ಸಾಲಿನಲ್ಲಿ ಅಜ್ಜಿಯ ಹೆಸರು, ತಂದೆಯ ಹೆಸರು, ಹುಟ್ಟಿದ ವರ್ಷ 1947 ಎಂದು ನಮೂದಾಗಿತ್ತು. ಅದರ ದೃಢೀಕೃತ ನಕಲು ದೊರೆಯಿತು.

ಎರಡನೆಯ ಪತ್ರ ಒಂದೇ ಹಾಳೆಯಲ್ಲಿ ಮುಗಿಯಿತು. ಅರ್ಜಿಯ ಸಂಖ್ಯೆ, ತಿರಸ್ಕಾರದ ದಿನಾಂಕ, ಕೊಟ್ಟ ಕಾರಣ, ಅದಕ್ಕೆ ಉತ್ತರ, ಲಗತ್ತಿಸಿದ ದಾಖಲೆ, ಬೇಡಿಕೆ: ಇಷ್ಟೇ. ಅಜ್ಜಿ ಸಹಿ ಹಾಕಿದರು. ಮೂಲ ಕಾಗದಗಳನ್ನು ಮನೆಯಲ್ಲಿರಿಸಿ ನಕಲುಗಳನ್ನು ಮಾತ್ರ ಒಪ್ಪಿಸಿದರು. ತಮ್ಮ ಪ್ರತಿಯ ಮೇಲೆ ಕಚೇರಿಯ ಮುದ್ರೆಯನ್ನೂ ದಿನಾಂಕವನ್ನೂ ಪಡೆದುಕೊಂಡರು.

ವಿಚಾರಣೆಯ ದಿನ ಅಧಿಕಾರಿಗಳು, "ಈ ಪುಸ್ತಕದಲ್ಲಿರುವ ಹುಡುಗಿ ನೀವೇ ಎಂದು ನಂಬುವುದು ಹೇಗೆ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅಜ್ಜಿಯೊಡನೆ ಓದಿದ್ದ ಹಿರಿಯರೊಬ್ಬರು ಊರಿನಲ್ಲಿದ್ದರು. ಗ್ರಾಮ ಲೆಕ್ಕಿಗರು ಬಂದು ಅವರ ಹೇಳಿಕೆ ಪಡೆದು ಮಹಜರು ಬರೆದರು. ತಿಂಗಳೊಂದು ಕಳೆಯುವಷ್ಟರಲ್ಲಿ ವೇತನ ಮಂಜೂರಾದ ಆದೇಶ ಬಂತು.

ವಕೀಲರಿಲ್ಲದೆ ಹಕ್ಕು ಕೇಳುವುದು ನಮ್ಮ ಜಿಲ್ಲೆಗೆ ಹೊಸತಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ಕಾಲದಲ್ಲಿ ಗೇಣಿಯ ಒಕ್ಕಲುಗಳು ತಾವು ಉಳುವ ಭೂಮಿಗಾಗಿ 7ನೆಯ ನಮೂನೆಯ ಅರ್ಜಿ ಸಲ್ಲಿಸಬೇಕಾಗಿತ್ತು. ನಮ್ಮ ಹಿರಿಯರು ಇದನ್ನು 'ಡಿಕ್ಲರೇಶನ್' ಎನ್ನುತ್ತಿದ್ದರು. ಭೂನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗಬಾರದೆಂದೇ ಆಗ ಕಾನೂನಿತ್ತು. 1987ರಲ್ಲಿ ಸುಪ್ರೀಂ ಕೋರ್ಟು ಆ ನಿರ್ಬಂಧವನ್ನು ತೆಗೆದುಹಾಕಿತು. ಗೇಣಿಯ ರಶೀದಿ, ನೆರೆಯವರ ಸಾಕ್ಷ್ಯ, ಇವೇ ಒಕ್ಕಲಿನ ಆಧಾರಗಳು. ಅರ್ಜಿಗೆ 1979ರ ಜೂನ್ 30 ಕೊನೆಯ ದಿನವಾಗಿತ್ತು. ಕಾಲ ತಪ್ಪಿದರೆ ಹಕ್ಕೂ ಕೈತಪ್ಪುತ್ತದೆ ಎಂಬುದು ಅಂದಿನಿಂದಲೂ ಇರುವ ಪಾಠ.

ಕಾರಣವನ್ನೇ ತಿಳಿಸದೆ ಅರ್ಜಿಯನ್ನು ನಿರಾಕರಿಸಿದರೆ? 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ 10 ರೂಪಾಯಿ ಶುಲ್ಕ ಕೊಟ್ಟು ಕಡತದ ನಕಲನ್ನು ಕೇಳಬಹುದು. ಬಡತನದ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. ವಕೀಲರ ನೆರವು ಅನಿವಾರ್ಯವಾದರೆ, 1987ರ ಕಾನೂನು ಸೇವೆಗಳ ಕಾಯಿದೆಯಂತೆ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಇತರ ಬಡವರಿಗೂ ಅದು ಉಚಿತವಾಗಿ ದೊರೆಯುತ್ತದೆ.

ಮೇಲ್ಮನವಿಗಳೆಲ್ಲವೂ ಗೆಲ್ಲುತ್ತವೆಯೆಂದಲ್ಲ. ಅಜ್ಜಿಗೆ ನಿಜವಾಗಿಯೂ 62 ವರ್ಷವಾಗಿದ್ದರೆ ತಿರಸ್ಕಾರವೇ ಸರಿಯಾಗಿರುತ್ತಿತ್ತು. ಸುಳ್ಳು ದಾಖಲೆಯಿಂದ ಪಡೆದ ನೆರವು ಇನ್ನೊಬ್ಬ ಅರ್ಹನ ಪಾಲನ್ನು ಕಸಿದುಕೊಂಡಂತೆ. ವೃದ್ಧಾಪ್ಯದಲ್ಲಿ ಪ್ರಜೆಗಳಿಗೆ ನೆರವಾಗಬೇಕೆಂದು ನಮ್ಮ ಸಂವಿಧಾನದ 41ನೆಯ ವಿಧಿಯು ರಾಜ್ಯಕ್ಕೆ ನಿರ್ದೇಶಿಸುತ್ತದೆ. ಆ ಆಶಯವು ಮನೆಯ ಜಗಲಿಯವರೆಗೆ ಬರಬೇಕಾದರೆ ಕಚೇರಿಯಲ್ಲಿ ಪ್ರಾಮಾಣಿಕತೆಯೂ ಪ್ರಜೆಯಲ್ಲಿ ಎಚ್ಚರವೂ ಇರಬೇಕು.

ಮೊದಲ ತಿಂಗಳ ವೇತನ ಕೈಸೇರಿದ ದಿನ ಅಜ್ಜಿ ನಮ್ಮಲ್ಲಿಗೆ ಬಂದು, "ಎರಡು ವರ್ಷ ಶಾಲೆಗೆ ಹೋದದ್ದು ಈಗ ಉಪಕಾರಕ್ಕೆ ಬಂತು ನೋಡಿ ಮಾಷ್ಟ್ರೇ" ಎಂದು ನಕ್ಕರು. ಮೊಮ್ಮಗಳು ಆ ಮುದ್ರೆಯೊತ್ತಿದ ಹಾಳೆಯನ್ನು ತನ್ನ ಪುಸ್ತಕದೊಳಗೆ ಜೋಪಾನವಾಗಿರಿಸಿಕೊಂಡಿದ್ದಳು.

ಪದಗಳ ಅರ್ಥ
ಮೇಲ್ಮನವಿ: ಒಂದು ತೀರ್ಮಾನವನ್ನು ಮರಳಿ ಪರಿಶೀಲಿಸಬೇಕೆಂದು ಮೇಲಿನ ಅಧಿಕಾರಿಗೆ ಸಲ್ಲಿಸುವ ಬಿನ್ನಹ
ಸ್ವೀಕೃತಿ: ಪಡೆದುಕೊಂಡುದಕ್ಕೆ ಕೊಡುವ ಚೀಟಿ
ಮಹಜರು: ಸ್ಥಳದಲ್ಲಿ ವಿಚಾರಿಸಿ, ಸಾಕ್ಷಿಗಳ ಮುಂದೆ ಬರೆದ ವರದಿ
ಒಕ್ಕಲು: ಗೇಣಿಗೆ ಭೂಮಿಯನ್ನು ಸಾಗುವಳಿ ಮಾಡುವವನು

ಅಭ್ಯಾಸ
1. ಅಜ್ಜಿಯ ಅರ್ಜಿ ತಿರಸ್ಕೃತವಾಗಲು ಕಾರಣವೇನು?
2. ಹುಡುಗಿ ಬರೆದ ಮೊದಲನೆಯ ಪತ್ರಕ್ಕೂ ಎರಡನೆಯ ಪತ್ರಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
3. "ಕೇಳಿದ ಪ್ರಶ್ನೆಗೆ ಉತ್ತರ ಬರೆಯಬೇಕು." ಈ ಮಾತನ್ನು ಸಂದರ್ಭ ಸಹಿತ ಸ್ವಾರಸ್ಯವನ್ನು ವಿವರಿಸಿರಿ.
4. ನಿಮ್ಮ ನೆರೆಯ ವೃದ್ಧರೊಬ್ಬರ ಪರವಾಗಿ ಒಂದು ಹಾಳೆಯ ಮೇಲ್ಮನವಿಯನ್ನು ಬರೆಯಿರಿ.