ಮರಗಟ್ಟಿಸುವ ಇಂಜೆಕ್ಷನ್

ಗೌರಮ್ಮನಿಗೆ ದವಡೆ ಹಲ್ಲು ನೋವು. ಮೂರು ದಿನದಿಂದ ನಿದ್ದೆ ಇಲ್ಲ. ಲವಂಗ ಇಟ್ಟಳು. ಉಪ್ಪುನೀರು ಮುಕ್ಕಳಿಸಿದಳು. ನೋವು ಹೋಗಲಿಲ್ಲ.

"ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತೆ" ಅಂದರು ಅತ್ತೆ.

ಪಕ್ಕದ ಮನೆಯ ಸಾವಿತ್ರಕ್ಕ ನಕ್ಕಳು. "ನಾನು ಎರಡು ಹಲ್ಲು ಕೀಳಿಸಿದೀನಿ. ಈಗಲೂ ಸೂಜಿಗೆ ದಾರ ಪೋಣಿಸ್ತೀನಿ. ನಡಿ, ನಾನೂ ಬರ್ತೀನಿ."

ಇಬ್ಬರೂ ತಾಲ್ಲೂಕು ಆಸ್ಪತ್ರೆಗೆ ಹೋದರು. ಹಲ್ಲಿನ ಡಾಕ್ಟರು ಮೊದಲು ಕೇಳಿದರು:

"ಬಿ.ಪಿ., ಸಕ್ಕರೆ ಕಾಯಿಲೆ ಇದೆಯೇನಮ್ಮ? ಯಾವ ಮಾತ್ರೆ ತಗೋತೀರಿ? ಬಸುರಿಯಾ? ಹಿಂದೆ ಯಾವುದಾದರೂ ಇಂಜೆಕ್ಷನ್‌ನಿಂದ ಮೈಮೇಲೆ ಗಂಧೆ ಎದ್ದಿತ್ತಾ?"

ಗೌರಮ್ಮನಿಗೆ ಬಿ.ಪಿ. ಇತ್ತು. ಹೇಳಿದರೆ ವಾಪಸ್ ಕಳಿಸ್ತಾರೇನೋ ಅಂತ ಸುಮ್ಮನಿದ್ದಳು. ಸಾವಿತ್ರಕ್ಕ ಮೊಣಕೈಯಿಂದ ತಿವಿದಳು. ಆಗ ಬಾಯಿ ಬಿಟ್ಟಳು. ಡಾಕ್ಟರು ಬೈಯಲಿಲ್ಲ. ಬಿ.ಪಿ. ನೋಡಿದರು. "ಹಿಡಿತದಲ್ಲಿದೆ, ಕೀಳಬಹುದು. ಹೇಳಿದ್ದು ಒಳ್ಳೇದಾಯ್ತು. ಅದನ್ನ ನೋಡಿಯೇ ನಾವು ಔಷಧಿ ಆರಿಸೋದು" ಅಂದರು.

ಒಸಡಿಗೆ ಇಂಜೆಕ್ಷನ್ ಕೊಟ್ಟರು. ಇರುವೆ ಕಚ್ಚಿದ ಹಾಗಾಯಿತು. ಆ ಔಷಧಿಯ ಹೆಸರು ಲಿಗ್ನೊಕೇನ್. ನೋವಿನ ಸುದ್ದಿಯನ್ನು ಮಿದುಳಿಗೆ ಒಯ್ಯುವುದು ನರ. ಈ ಔಷಧಿ ಆ ನರವನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಎಚ್ಚರ ತಪ್ಪುವುದಿಲ್ಲ. ಸ್ವಲ್ಪ ಹೊತ್ತಿಗೆ ತುಟಿ ಮರಗಟ್ಟಿತು. ಇಕ್ಕಳ ಎಳೆದದ್ದು ಗೊತ್ತಾಯಿತು. ನೋವು ಗೊತ್ತಾಗಲಿಲ್ಲ.

ಹಿಂದಿನವರಿಗೆ ಈ ಪುಣ್ಯ ಇರಲಿಲ್ಲ. ರೋಗಿಯನ್ನು ಅದುಮಿ ಹಿಡಿದು ಕೊಯ್ಯುತ್ತಿದ್ದರು. 1846ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ಹಲ್ಲಿನ ವೈದ್ಯ ರೋಗಿಗೆ ಈಥರ್ ಎಂಬ ಔಷಧಿಯ ಆವಿ ಕುಡಿಸಿದ. ಆಮೇಲೆ ಇನ್ನೊಬ್ಬ ಡಾಕ್ಟರು ಕುತ್ತಿಗೆಯ ಗಡ್ಡೆ ಕೊಯ್ದರು. ನೋವಾಗಲಿಲ್ಲ ಅಂದ ರೋಗಿ. ಸುದ್ದಿ ಎಲ್ಲ ದೇಶಕ್ಕೂ ಹಬ್ಬಿತು.

ಬಸ್ಸಿನಲ್ಲಿ ಗೌರಮ್ಮನ ಬಾಯಲ್ಲಿ ಹತ್ತಿ. ಸಾವಿತ್ರಕ್ಕನದೇ ಮಾತು.

"ನನ್ನ ಮಗನಿಗೆ ಟಾನ್ಸಿಲ್ ಆಪರೇಷನ್ ಅಂದಿದ್ರು. ಪೂರ್ತಿ ಎಚ್ಚರ ತಪ್ಪಿಸ್ತೀವಿ, ರಾತ್ರಿಯಿಂದ ಏನೂ ತಿನ್ನಿಸಬೇಡಿ ಅಂದ್ರು. ಬೆಳಿಗ್ಗೆ ಮಗು ಅತ್ತಿತು. ಕರುಳು ಕೇಳುತ್ತಾ? ಕದ್ದು ಎರಡು ಬಿಸ್ಕತ್ತು ಕೊಟ್ಟೆ. ಎಚ್ಚರ ತಪ್ಪಿಸೋ ಡಾಕ್ಟರು ಬಂದು 'ಏನಾದರೂ ತಿಂದನಾ?' ಅಂದ್ರು. ಇಲ್ಲ ಅಂದೆ. ಮತ್ತೆ ಕೇಳಿದ್ರು. ಹೆದರಿ ನಿಜ ಹೇಳಿದೆ. ಎಚ್ಚರ ಇಲ್ಲದಾಗ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯವಂತೆ. ಆಪರೇಷನ್ ಮಾರನೇ ದಿನಕ್ಕೆ ಹೋಯ್ತು, ಅಷ್ಟೆ. ಮಗ ಈಗ ಹೈಸ್ಕೂಲು."

ಮನೆಗೆ ಬಂದಾಗ ಅತ್ತೆ ಬಿಸಿ ಕಾಫಿ ತಂದರು. ಗೌರಮ್ಮ ಕೈಯಾಡಿಸಿ ಬೇಡ ಅಂದಳು. ಮರಗಟ್ಟಿದ್ದು ಬಿಡಲು ಎರಡು ಮೂರು ಗಂಟೆ ಬೇಕು. ಅಲ್ಲಿಯವರೆಗೆ ಬಾಯಿ ಸುಟ್ಟರೂ, ತುಟಿ ಕಚ್ಚಿಕೊಂಡರೂ ಗೊತ್ತಾಗದು.

"ಕಣ್ಣು ಕಾಣುತ್ತೇನೇ?" ಅಂದರು ಅತ್ತೆ.

ಗೌರಮ್ಮ ಮೊರದಲ್ಲಿದ್ದ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಅವರ ಅಂಗೈಯಲ್ಲಿಟ್ಟಳು.