ಹಳೆಯ ಮೋಟಾರು ದೋಣಿಯ ಚಾಲನಾಂಗ: ದುರಸ್ತಿಯೇ, ಬದಲಾವಣೆಯೇ?

ಕೃಷ್ಣರಾಜಸಾಗರ ಹಾಗೂ ಕಬಿನಿ ಜಲಾಶಯಗಳಿಂದ ಏಕಕಾಲಕ್ಕೆ ಹೆಚ್ಚಿನ ನೀರು ಹರಿದುಬಂದಾಗ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಳೆ ಅಣಗಳ್ಳಿ, ಹಳೆ ಹಂಪಾಪುರ, ಯಡಕುರಿಯ ಮೊದಲಾದ ನದೀತೀರದ ಗ್ರಾಮಗಳು ಜಲಾವೃತವಾಗುತ್ತವೆ. 2018 ಮತ್ತು 2019ರ ಆಗಸ್ಟ್ ತಿಂಗಳಿನಲ್ಲಿ ಹೀಗೆಯೇ ಆಯಿತು. 2018ರ ಪ್ರವಾಹದಲ್ಲಿ ಶಿವನಸಮುದ್ರದ ಬಳಿಯ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗವೂ ಕೊಚ್ಚಿಹೋಯಿತು. ರಸ್ತೆ ಮುಳುಗಿದ ದಿನ ವೃದ್ಧರನ್ನೂ ಮಕ್ಕಳನ್ನೂ ದಡ ಸೇರಿಸಲು ದೋಣಿಯೊಂದೇ ಸಾಧನ. ಆದರೆ ವರ್ಷದ ಬಹುಪಾಲು ಕಾಲ ಮೂಲೆಯಲ್ಲಿ ನಿಂತ ದೋಣಿಯು ಅಗತ್ಯದ ದಿನವೇ ಕೈಕೊಡುವುದುಂಟು. ಎಂಜಿನ್ ಅಬ್ಬರಿಸುತ್ತದೆ, ದೋಣಿ ಮಾತ್ರ ಕದಲುವುದಿಲ್ಲ. ಇಂತಹ ಸಂದರ್ಭದಲ್ಲಿ ದೋಷವಿರುವುದು ಸಾಮಾನ್ಯವಾಗಿ ಎಂಜಿನ್ನಿನಲ್ಲಲ್ಲ, ಅದರ ಶಕ್ತಿಯನ್ನು ನೀರಿಗೆ ಮುಟ್ಟಿಸುವ ಚಾಲನಾಂಗದಲ್ಲಿ.

ಚಾಲನಾಂಗದ ರಚನೆ

ದೋಣಿಯ ಹಿಂಬದಿಯ ಹಲಗೆಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ನಿನಲ್ಲಿ ಮೂರು ಭಾಗಗಳಿವೆ. ಮೇಲಿನದು ಎಂಜಿನ್, ನಡುವಿನದು ಕಂಬ, ನೀರಿನಲ್ಲಿ ಮುಳುಗಿರುವ ಕೆಳಗಿನದು ಗೇರ್ ಪೆಟ್ಟಿಗೆ. ಎಂಜಿನ್ನಿನಿಂದ ಕೆಳಗಿಳಿಯುವ ನೆಟ್ಟನೆಯ ಶಾಫ್ಟಿನ ತುದಿಯ ಸಣ್ಣ ಗೇರು, ಅಡ್ಡಲಾಗಿರುವ ಮುಂದಿನ ಮತ್ತು ಹಿಂದಿನ ಗೇರುಗಳೆರಡನ್ನೂ ತಿರುಗಿಸುತ್ತದೆ. ಇವೆರಡರ ನಡುವೆ ಜಾರುವ ಡಾಗ್ ಕ್ಲಚ್ ಯಾವ ಗೇರನ್ನು ಕಚ್ಚುವುದೋ ಅದರಂತೆ ಪ್ರೊಪೆಲರ್ ಮುಂದಕ್ಕೆ ಇಲ್ಲವೆ ಹಿಂದಕ್ಕೆ ದೂಡುತ್ತದೆ. ನೆಟ್ಟನೆಯ ಶಾಫ್ಟಿನ ಮೇಲೆಯೇ ರಬ್ಬರಿನ ಇಂಪೆಲರ್ ಕುಳಿತಿದ್ದು, ನದಿಯ ನೀರನ್ನೆತ್ತಿ ಎಂಜಿನ್ನನ್ನು ತಂಪಾಗಿಡುತ್ತದೆ. ಶಾಫ್ಟುಗಳು ಹೊರಬರುವೆಡೆ ಆಯಿಲ್ ಸೀಲುಗಳಿವೆ. ಪಂಪ್‌ಸೆಟ್ಟಿನ ಸೀಲು ಹೋದರೆ ಬೇರಿಂಗಿಗೆ ನೀರು ನುಗ್ಗುವುದನ್ನು ಕಂಡವರಿಗೆ ಈ ಸೀಲುಗಳ ಮಹತ್ವವನ್ನು ವಿವರಿಸಬೇಕಾಗಿಲ್ಲ.

ದೋಷ ನಿರ್ಣಯ

ಹಣ ವ್ಯಯಿಸುವ ಮುನ್ನ ದೋಷದ ಸ್ಥಾನವನ್ನು ನಿಶ್ಚಯಿಸುವುದು ಅವಶ್ಯ. ಪರೀಕ್ಷೆಗೆ ಮೊದಲು ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿಡಬೇಕು. ಇಲ್ಲದಿದ್ದರೆ ಪ್ರೊಪೆಲರನ್ನು ಕೈಯಿಂದ ತಿರುಗಿಸುವಾಗ ಎಂಜಿನ್ ಚಾಲೂ ಆಗುವ ಅಪಾಯವಿದೆ.

ಮೊದಲನೆಯದು ಪ್ರೊಪೆಲರ್. ಹಳೆಯ ಸಣ್ಣ ಎಂಜಿನ್ನುಗಳಲ್ಲಿ ಪ್ರೊಪೆಲರ್ ಬಂಡೆಗೆ ತಗುಲಿದಾಗ ತಾನು ತುಂಡಾಗಿ ಗೇರುಗಳನ್ನು ಉಳಿಸುವ ಷಿಯರ್ ಪಿನ್ ಇರುತ್ತದೆ. ಅದು ತುಂಡಾಗಿದ್ದರೆ ಅದೇ ಅಳತೆಯ, ಅದೇ ಲೋಹದ ಪಿನ್ನನ್ನೇ ಹಾಕಬೇಕು. ಗಟ್ಟಿಯಾಗಿರಲೆಂದು ಉಕ್ಕಿನ ಮೊಳೆ ಹಾಕಿದರೆ ಮುಂದಿನ ಪೆಟ್ಟು ಗೇರಿಗೇ ಬೀಳುತ್ತದೆ. ಪಿನ್ ಇಲ್ಲದ ಎಂಜಿನ್ನುಗಳಲ್ಲಿ ಪ್ರೊಪೆಲರಿನೊಳಗಿನ ರಬ್ಬರ್ ಬುಷ್ ಜಾರುವುದುಂಟು. ಒಳಗಿನ ಮತ್ತು ಹೊರಗಿನ ಭಾಗಗಳ ಮೇಲೆ ಬಣ್ಣದಿಂದ ಒಂದೇ ಗೆರೆ ಎಳೆದು, ದೋಣಿಯನ್ನು ಸ್ವಲ್ಪ ದೂರ ಓಡಿಸಿ ನೋಡಿದಾಗ ಗೆರೆ ಕೂಡದಿದ್ದರೆ ಬುಷ್ ಹೋಗಿದೆಯೆಂದೇ ಅರ್ಥ. ಇವೆರಡೂ ಅಲ್ಪ ವೆಚ್ಚದ ದುರಸ್ತಿಗಳು.

ಎರಡನೆಯದು ಗೇರ್ ಎಣ್ಣೆ. ಕೆಳಗಿನ ಬಿರಡೆ ತೆಗೆದಾಗ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ. ನದಿಯಲ್ಲಿ ಬಿಟ್ಟ ನೈಲಾನ್ ಬಲೆಯ ದಾರ ಪ್ರೊಪೆಲರಿನ ಹಿಂದೆ ಸುತ್ತಿಕೊಂಡು ಸೀಲನ್ನು ಕತ್ತರಿಸುವುದು ಇದಕ್ಕೆ ಸಾಮಾನ್ಯ ಕಾರಣ. ಬಿರಡೆಯ ಆಯಸ್ಕಾಂತಕ್ಕೆ ನುಣ್ಣನೆಯ ಕಪ್ಪು ಪುಡಿ ಅಂಟಿದ್ದರೆ ಅದು ಸಹಜ ಸವೆತ. ಲೋಹದ ಚೂರುಗಳೇ ದೊರೆತರೆ ಗೇರಿನ ಹಲ್ಲು ಅಥವಾ ಬೇರಿಂಗ್ ಮುರಿದಿದೆ.

ಮೂರನೆಯದು ಕ್ಲಚ್. ವೇಗ ಹೆಚ್ಚಿಸಿದೊಡನೆ ಗೇರು ತಾನಾಗಿ ಬಿಟ್ಟು 'ಟಕ್' ಎಂದು ಬಡಿದರೆ ಡಾಗ್ ಕ್ಲಚ್ಚಿನ ಮೂಲೆಗಳು ಸವೆದಿರುವ ಸಂಭವವಿದೆ. ಗೇರನ್ನು ಹಿಂಜರಿಯುತ್ತಾ ನಿಧಾನವಾಗಿ ಹಾಕುವ ಅಭ್ಯಾಸವೇ ಈ ಸವೆತಕ್ಕೆ ಮುಖ್ಯ ಕಾರಣ. ಆದರೆ ಗೇರು ಬದಲಿಸುವ ಸಲಾಕೆಯ ಹೊಂದಾಣಿಕೆ ತಪ್ಪಿದಾಗಲೂ ಇದೇ ಲಕ್ಷಣ ಕಾಣುವುದರಿಂದ, ಪೆಟ್ಟಿಗೆ ಬಿಚ್ಚುವ ಮೊದಲು ಅದನ್ನು ಸರಿಪಡಿಸಿ ನೋಡುವುದು ಲೇಸು.

ದುರಸ್ತಿಯ ಮಿತಿ

ಸೀಲು, ಬೇರಿಂಗ್, ಇಂಪೆಲರುಗಳ ಬದಲಾವಣೆ ಸ್ಥಳೀಯ ಕಾರ್ಯಾಗಾರಗಳ ಸಾಮರ್ಥ್ಯಕ್ಕೆ ಮೀರಿದ್ದಲ್ಲ. ಅನೇಕ ಬೇರಿಂಗುಗಳು ಸಾಮಾನ್ಯ ಅಳತೆಯವಾಗಿದ್ದು, ಅವುಗಳ ಮೇಲೆ ಕೆತ್ತಿರುವ ಸಂಖ್ಯೆಯನ್ನು ತೋರಿಸಿದರೆ ಟ್ರ್ಯಾಕ್ಟರ್ ಮತ್ತು ಪಂಪಿನ ಬಿಡಿಭಾಗಗಳ ಅಂಗಡಿಯಲ್ಲಿಯೂ ದೊರೆಯಬಹುದು. ಸೀಲು ಮಾತ್ರ ನೀರನ್ನು ತಡೆಯುವ ಎರಡು ತುಟಿಯದಾಗಿರಬೇಕು. ಜೋಡಿಸಿದ ಬಳಿಕ ಎಣ್ಣೆ ತುಂಬುವ ಮುನ್ನ ಪೆಟ್ಟಿಗೆಗೆ ಮಿತವಾದ ಒತ್ತಡದ ಗಾಳಿ ತುಂಬಿ, ಒತ್ತಡ ಇಳಿಯುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಗೇರುಗಳ ವಿಷಯ ಬೇರೆ. ಗೇರುಗಳ ನಡುವಣ ಅಂತರವನ್ನು ತೆಳು ಷಿಮ್ ತಗಡುಗಳಿಂದ ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕದಲ್ಲಿ ಹೊಂದಿಸಬೇಕಾಗುತ್ತದೆ. ಅದಕ್ಕೆ ತಕ್ಕ ಅಳತೆಯ ಉಪಕರಣಗಳಿಲ್ಲದೆ ಜೋಡಿಸಿದ ಹೊಸ ಗೇರುಗಳು ಬಹುಕಾಲ ಬಾಳವು. ಆದುದರಿಂದ ಗೇರು ಮುರಿದ ಸಂದರ್ಭದಲ್ಲಿ ಗೇರ್ ಪೆಟ್ಟಿಗೆಯನ್ನು ಸಮಗ್ರವಾಗಿ ಬದಲಾಯಿಸುವುದು ಅನೇಕ ವೇಳೆ ಅಗ್ಗವೂ ವಿಶ್ವಾಸಾರ್ಹವೂ ಆಗುತ್ತದೆ. ಬದಲಿ ಪೆಟ್ಟಿಗೆಯನ್ನು ಕೊಳ್ಳುವಾಗ ಎಂಜಿನ್ನಿನ ಮಾದರಿ ಸಂಖ್ಯೆ, ಗೇರಿನ ಅನುಪಾತ, ಶಾಫ್ಟಿನ ಉದ್ದ ಮತ್ತು ಶಾಫ್ಟಿನ ತುದಿಯ ಹಲ್ಲುಗಳ ಸಂಖ್ಯೆ, ಈ ನಾಲ್ಕೂ ತಾಳೆಯಾಗಬೇಕು.

ಲೆಕ್ಕಾಚಾರ

ಹೊಸ ಎಂಜಿನ್ನಿನ ಬೆಲೆ 100 ಎಂದಿಟ್ಟುಕೊಂಡರೆ, ಹಳೆಯದರ ದುರಸ್ತಿಗೆ 20 ತಗುಲುವುದಾದರೆ ದುರಸ್ತಿಯೇ ಸರಿ. 50ನ್ನು ಮೀರಿದರೆ ಮತ್ತೊಮ್ಮೆ ಯೋಚಿಸಬೇಕು. ಎರಡರ ನಡುವೆ ಇದ್ದಾಗ ಎಂಜಿನ್ನಿನ ಆರೋಗ್ಯವೇ ನಿರ್ಣಾಯಕ. ಸಿಲಿಂಡರುಗಳ ಕಂಪ್ರೆಷನ್ ಅಳೆದು, ಅವು ಪರಸ್ಪರ ಸಮೀಪದಲ್ಲಿದ್ದರೆ ಮಾತ್ರ ಚಾಲನಾಂಗಕ್ಕೆ ಹಣ ಹೂಡುವುದು ವಿವೇಕ. ದಣಿದ ಎಂಜಿನ್ನಿಗೆ ಹೊಸ ಗೇರ್ ಪೆಟ್ಟಿಗೆ ಹಾಕುವುದು ಹಳೆಯ ಬಾವಿಗೆ ಹೊಸ ರಾಟೆ ಹಾಕಿದಂತೆ. ನೀರಿಲ್ಲದಿದ್ದರೆ ರಾಟೆಯಿಂದ ಫಲವಿಲ್ಲ.

ಬೆಲೆಯಷ್ಟೇ ಮುಖ್ಯವಾದುದು ಕಾಲ. ಪ್ರವಾಸೋದ್ಯಮದ ದೋಣಿ ಒಂದು ತಿಂಗಳು ನಿಂತರೆ ಆದಾಯಕ್ಕೆ ನಷ್ಟ. ಪ್ರವಾಹದ ದೋಣಿ ಒಂದು ದಿನ ನಿಂತರೆ ಜೀವಕ್ಕೆ ನಷ್ಟ. ಬಿಡಿಭಾಗ ದೂರದಿಂದ ಬರಬೇಕಾದುದರಿಂದ ಪರೀಕ್ಷೆಯನ್ನು ಏಪ್ರಿಲ್ ತಿಂಗಳಿನಲ್ಲಿಯೇ ಮುಗಿಸಬೇಕು.

ಸ್ಥಳೀಯ ಅನ್ವಯ

ಈ ಭಾಗದ ಎಲ್ಲ ನೀರಿಗೂ ಮೋಟಾರು ದೋಣಿ ಸಲ್ಲದು. ಹನೂರು ತಾಲ್ಲೂಕಿನ ಗೋಪಿನಾಥಂ ಕಡೆಯ ಬಂಡೆಗಳ ನಡುವಣ ಕಾವೇರಿಯಲ್ಲಿ, ತಳ ಚಪ್ಪಟೆಯಾದ ತೆಪ್ಪವೇ ಇಂದಿಗೂ ಹೆಚ್ಚು ಕ್ಷೇಮ. ಅಲ್ಲಿ ಪ್ರೊಪೆಲರಿಗೆ ಪೆಟ್ಟು ತಪ್ಪಿದ್ದಲ್ಲ. ಯಳಂದೂರಿನ ಮೂಲಕ ಹರಿದು ಬರುವ ಸುವರ್ಣಾವತಿಯಲ್ಲಿಯೂ ನೀರು ಅಲ್ಪವಿರುವ ಕಾಲದಲ್ಲಿ ಮರಳು ಇಂಪೆಲರಿಗೆ ಶತ್ರು. ಆದರೆ ಮೂರು ತಾಲ್ಲೂಕುಗಳಲ್ಲಿಯೂ ಪಂಪ್‌ಸೆಟ್ ಹಾಗೂ ದ್ವಿಚಕ್ರ ವಾಹನಗಳ ದುರಸ್ತಿಯಲ್ಲಿ ಪಳಗಿದ ಕೈಗಳಿವೆ. ಆ ಕೌಶಲಕ್ಕೆ ಈ ಕೆಲಸದ ಅಲ್ಪ ತರಬೇತಿ ಸೇರಿದರೆ ಹೊಸದೊಂದು ಸೇವಾ ವೃತ್ತಿಗೆ ಅವಕಾಶವಿದೆ.

ಕಡೆಯದಾಗಿ ನಿರ್ವಹಣೆ. ವರ್ಷಕ್ಕೊಮ್ಮೆ ಇಲ್ಲವೆ 100 ಗಂಟೆಗಳ ಓಟಕ್ಕೊಮ್ಮೆ ಗೇರ್ ಎಣ್ಣೆ ಬದಲಿಸುವುದು, ಪ್ರೊಪೆಲರ್ ಬಿಚ್ಚಿ ದಾರವನ್ನು ತೆಗೆದು ಶಾಫ್ಟಿಗೆ ಗ್ರೀಸ್ ಹಚ್ಚುವುದು, ನೀರು ಬಸಿಯುವಂತೆ ಎಂಜಿನ್ನನ್ನು ನೆಟ್ಟಗೆ ನಿಲ್ಲಿಸುವುದು, ತಿಂಗಳಿಗೊಮ್ಮೆ ಅದನ್ನು ನೀರಿನ ತೊಟ್ಟಿಯಲ್ಲಿ ಓಡಿಸುವುದು, ಇಷ್ಟೇ ವಿಧಿ. ನೀರಿಲ್ಲದೆ ಓಡಿಸಿದರೆ ಇಂಪೆಲರ್ ಕೆಲವೇ ಕ್ಷಣಗಳಲ್ಲಿ ಸುಡುತ್ತದೆ. ಈ ಸಣ್ಣ ಶಿಸ್ತನ್ನು ಪಾಲಿಸಿದ ದೋಣಿಯ ವಿಷಯದಲ್ಲಿ, ದುರಸ್ತಿಯೇ ಬದಲಾವಣೆಯೇ ಎಂಬ ಪ್ರಶ್ನೆ ಪ್ರವಾಹದ ನಡುವೆ ಏಳುವ ಸಂಭವ ಬಲು ಕಡಿಮೆ.