ಧಾರಣೆ, ಉಪವಾಸ, ಪಾರಣೆ: ಜೀರ್ಣಾಂಗಗಳ ವ್ಯಾಪಾರ

ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸಕ್ಕೆ ಮೂರು ಅಂಗಗಳು: ಹಿಂದಿನ ದಿನ ಧಾರಣೆ, ಪರ್ವದ ದಿನ ಚತುರ್ವಿಧ ಆಹಾರತ್ಯಾಗ, ಮರುದಿನ ಪಾರಣೆ. ಧಾರಣೆ ಪಾರಣೆಗಳಲ್ಲಿ ಏಕಭುಕ್ತವೇ ವಿಧಿ. ಉಪವಾಸದ ಫಲ ಆತ್ಮನಿಗೆ ಸಂಬಂಧಿಸಿದ್ದು. ಆದರೆ ಸಾಧನ ಶರೀರ. ಆದುದರಿಂದ ಈ ಮೂರು ದಿನಗಳಲ್ಲಿ ಜೀರ್ಣಾಂಗಗಳು ಹೇಗೆ ವರ್ತಿಸುತ್ತವೆಂಬುದನ್ನು ವ್ರತಿಗಳು ಅರಿತಿರುವುದು ಉಚಿತ.

ಧಾರಣೆಯ ದಿನ ಉಂಡ ಅನ್ನವು ಜಠರದ ಆಮ್ಲರಸದೊಡನೆ ಕಲೆತು, ಸುಮಾರು 4 ಗಂಟೆಗಳಲ್ಲಿ ಸಣ್ಣ ಕರುಳಿಗೆ ಇಳಿಯುತ್ತದೆ. ತುಪ್ಪ, ಎಣ್ಣೆ ಹೆಚ್ಚಾಗಿದ್ದರೆ ಇನ್ನೂ ತಡವಾಗುತ್ತದೆ. ಸುಮಾರು 6 ಮೀಟರ್ ಉದ್ದದ ಆ ಕರುಳಿನಲ್ಲಿ ಪಿತ್ತರಸವೂ ಮೇದೋಜೀರಕ ರಸವೂ ಕೂಡಿ ಅದನ್ನು ಪಚನಗೊಳಿಸುತ್ತವೆ. ಅನ್ನದಿಂದ ದೊರೆತ ಗ್ಲೂಕೋಸ್ ರಕ್ತದ ಮೂಲಕ ಯಕೃತ್ತನ್ನು ಸೇರಿ, ಗ್ಲೈಕೋಜನ್ ರೂಪದಲ್ಲಿ ಸುಮಾರು 100 ಗ್ರಾಂನಷ್ಟು ಅಲ್ಲಿ ಸಂಗ್ರಹವಾಗುತ್ತದೆ.

ಉಪವಾಸದ ದಿನ ಈ ಭಂಡಾರವೇ ಆಧಾರ. ಮೆದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಆದುದರಿಂದ ಒಂದು ಅಹೋರಾತ್ರಿ ಕಳೆಯುವಷ್ಟರಲ್ಲಿ ಭಂಡಾರವು ಬಹುಮಟ್ಟಿಗೆ ಬರಿದಾಗುತ್ತದೆ. ಅನಂತರ ಮೈಯ ಕೊಬ್ಬು ಕರಗಿ ಶಕ್ತಿಯನ್ನೊದಗಿಸುತ್ತದೆ. ಸ್ನಾಯುಗಳೂ ಸ್ವಲ್ಪಮಟ್ಟಿಗೆ ಕ್ಷೀಣಿಸುತ್ತವೆ. ನೀರಿಗಾದರೋ ಇಂತಹ ಭಂಡಾರವಿಲ್ಲ. ಕಲ್ಮಷಗಳನ್ನು ಹೊರಹಾಕಲು ಮೂತ್ರಪಿಂಡಗಳಿಗೆ ದಿನಕ್ಕೆ ಅರ್ಧ ಲೀಟರಿನಷ್ಟಾದರೂ ನೀರು ಬೇಕು. ಉಸಿರಿನಲ್ಲಿಯೂ ಬೆವರಿನಲ್ಲಿಯೂ ಅದು ವ್ಯಯವಾಗುತ್ತಲೇ ಇರುತ್ತದೆ. ಆದುದರಿಂದ ನಿರ್ಜಲ ಉಪವಾಸ ಮುಂದುವರಿದಂತೆ ಅನ್ನಾಭಾವಕ್ಕಿಂತ ಮೊದಲು ಅಪಾಯ ತರುವುದು ಜಲಕ್ಷಯ.

ಪಾರಣೆಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ದಶಲಕ್ಷಣ ಪರ್ವದಲ್ಲಿ ಅನೇಕ ದಿನ ನಿರಾಹಾರರಾಗಿದ್ದವರು ಒಮ್ಮೆಲೇ ಹೊಟ್ಟೆ ತುಂಬ ಉಂಡರೆ ಇನ್ಸುಲಿನ್ ಏರಿ, ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಜೀವಕೋಶಗಳೊಳಕ್ಕೆ ಸರಿಯುತ್ತವೆ. ರಕ್ತದಲ್ಲಿ ಅವುಗಳ ಕೊರತೆಯುಂಟಾದಾಗ ಹೃದಯದ ಬಡಿತವೇ ತಪ್ಪಬಹುದು. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ, ಬಹುಕಾಲ ಹಸಿದಿದ್ದ ಸೆರೆಯಾಳುಗಳಲ್ಲಿ ಕೆಲವರು ಹೀಗೆ ಉಂಡ ಬಳಿಕವೇ ಮೃತರಾದರು. ದೀರ್ಘ ಉಪವಾಸದ ಪಾರಣೆಯನ್ನು ತೆಳು ಗಂಜಿ, ಹೆಸರುಬೇಳೆಯ ಕಟ್ಟುಗಳಿಂದ ಅಲ್ಪ ಪ್ರಮಾಣದಲ್ಲಿ, ವೈದ್ಯರ ಸಲಹೆಯೊಡನೆ ಆರಂಭಿಸತಕ್ಕದ್ದು.

ಎಲ್ಲರ ದೇಹಸ್ಥಿತಿಯೂ ಒಂದೇ ಅಲ್ಲ. ಗರ್ಭಿಣಿಯಲ್ಲಿ ಶಿಶುವು ಹಗಲಿರುಳೂ ತಾಯಿಯ ರಕ್ತದಿಂದ ಗ್ಲೂಕೋಸನ್ನು ಪಡೆಯುವುದರಿಂದ ಆಕೆಯ ಭಂಡಾರ ಇತರರಿಗಿಂತ ಬೇಗ ಬರಿದಾಗುತ್ತದೆ. ಮೊಲೆಯೂಡಿಸುವ ತಾಯಿಗೆ ನೀರೂ ಆಹಾರವೂ ಹೆಚ್ಚಾಗಿ ಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ನಿರಾಹಾರರಾಗಿದ್ದರೆ ರಕ್ತದ ಸಕ್ಕರೆ ಇಳಿದು ಮೂರ್ಛೆ ಹೋಗಬಹುದು. ನೆರೆಮನೆಯವರು ಹತ್ತು ಉಪವಾಸ ಮಾಡಿದರೆಂದು ಇಂಥವರನ್ನು ಒತ್ತಾಯಿಸುವುದು ಧರ್ಮವಲ್ಲ.

ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದು. ಶಕ್ತಿಗನುಸಾರವಾದುದೇ ತಪಸ್ಸೆಂದು ಅದರ ಅಭಿಪ್ರಾಯ. ಆರು ಬಾಹ್ಯತಪಗಳಲ್ಲಿ ಅನಶನವೊಂದೇ ಇಲ್ಲ. ಅವಮೌದರ್ಯ, ರಸಪರಿತ್ಯಾಗಗಳೂ ಇವೆ. ಉಪವಾಸಕ್ಕೆ ಅಶಕ್ತರಾದವರು ಒಂದೆರಡು ರಸಗಳನ್ನು ತ್ಯಜಿಸಿ ಸ್ವಾಧ್ಯಾಯದಲ್ಲಿ ಪರ್ವದಿನವನ್ನು ಕಳೆದರೆ ಅದೂ ತಪಸ್ಸೇ. ಇದನ್ನು ಮನೆಯ ಹಿರಿಯರು ಪರ್ವಕ್ಕೆ ಮೊದಲೇ ಎಲ್ಲರಿಗೂ ತಿಳಿಯಹೇಳಬೇಕು.